ಸವೆದ ಪರ್ವತದ ಬುಡದಲ್ಲಿ

ದೆಹಲಿಯಲ್ಲಿ ಭೂವಿಜ್ಞಾನ ಓದುವ ಹುಡುಗ ಹುಡುಗಿಯರು ಮೊದಲ ಸಲ ಫೀಲ್ಡ್‌ಗೆ ಹೊರಡುವಾಗ ಹಿಮಾಲಯವನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಹಿಮ, ಕಣಿವೆ, ಆಕಾಶಕ್ಕೆ ತಲೆಯಿಟ್ಟ ಶಿಖರ! ಪರ್ವತ ಎಂದರೆ ಅವರ ಕಣ್ಣಿಗೆ ಬರುವುದು ಅದೇ. ಆದರೆ ಹಿಮಾಲಯಕ್ಕಿಂತ ನೂರಾರು ಕೋಟಿ ವರ್ಷ ಹಿರಿದಾದ ಪರ್ವತವೊಂದು ಅವರ ಕಾಲೇಜಿನ ಪಕ್ಕದಲ್ಲೇ ಇದೆ. ಹನ್ಸ್‌ರಾಜ್ ಕಾಲೇಜಿನಿಂದ ಉತ್ತರ ರಿಡ್ಜ್‌ಗೆ ನಡೆದೇ ಹೋಗಬಹುದು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕ್ಯಾಂಪಸ್ಸಂತೂ ಆ ಪರ್ವತದ ಮೇಲೆಯೇ ಕೂತಿದೆ. ಜಾಲಿಮರ, ಕುರುಚಲು ಗಿಡ, ನಡುನಡುವೆ ಕಂದು ಬಣ್ಣದ ಬಂಡೆ. ಪ್ರತಿದಿನ ಅದರ ಪಕ್ಕದಲ್ಲೇ ಓಡಾಡುವ ಜನರಿಗೆ ಅದೊಂದು ಕಾಡು, ಬೆಳಗಿನ ವಾಕಿಂಗಿಗೆ ಒಳ್ಳೆಯ ಜಾಗ. ಅದು ಅರಾವಳಿಯ ಉತ್ತರದ ತುದಿ.

ಗುಜರಾತಿನಿಂದ ಹೊರಟು ರಾಜಸ್ಥಾನವನ್ನು ಓರೆಯಾಗಿ ಸೀಳಿ, ಹರಿಯಾಣದ ಮೂಲಕ ದೆಹಲಿಗೆ ಬಂದು ಮುಟ್ಟುವ ಈ ಶ್ರೇಣಿ ಸುಮಾರು 670 ಕಿಲೋಮೀಟರ್ ಉದ್ದವಿದೆ. ಮೌಂಟ್ ಅಬುವಿನ ಗುರುಶಿಖರದಲ್ಲಿ 1,722 ಮೀಟರ್ ಏರುವ ಅರಾವಳಿ, ದೆಹಲಿಗೆ ಬರುವ ಹೊತ್ತಿಗೆ ಸುತ್ತಲಿನ ಬಯಲಿಗಿಂತ ಕೆಲವು ಹತ್ತು ಮೀಟರುಗಳಷ್ಟೇ ಎತ್ತರ ಉಳಿಸಿಕೊಂಡಿರುತ್ತದೆ. ಸಮುದ್ರಮಟ್ಟದಿಂದ ಲೆಕ್ಕ ಹಾಕಿದರೂ ದೆಹಲಿ ರಿಡ್ಜ್‌ನ ಅತಿ ಎತ್ತರದ ಜಾಗ ಸುಮಾರು 318 ಮೀಟರ್. ನಮ್ಮ ನಂದಿಬೆಟ್ಟದ ಪಕ್ಕ ನಿಲ್ಲಿಸಿದರೆ ಇದನ್ನು ದಿಬ್ಬ ಎನ್ನಲೂ ಜನ ಹಿಂಜರಿಯಬಹುದು. ಆದರೂ ಭೂವಿಜ್ಞಾನದ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಉತ್ತರ ಭಾರತದಲ್ಲಿ ಸಿಗುವುದು ಕಷ್ಟ ಎಂದು ನಾನು ಖಂಡಿತವಾಗಿ ನಂಬಿದ್ದೇನೆ. ಹಿಮಾಲಯ ಇನ್ನೂ ಏಳುತ್ತಿರುವ ಪರ್ವತ. ಅದರ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂದು ನೋಡಲು ನಮಗೆ ಸಾಧ್ಯವಿಲ್ಲ. ಅರಾವಳಿಯ ಮೇಲ್ಭಾಗ ಸವೆದುಹೋಗಿದೆ. ಒಂದು ಕಾಲಕ್ಕೆ ಆಳದಲ್ಲಿದ್ದದ್ದು ಈಗ ಕಾಲ ಕೆಳಗಿದೆ. ಪರ್ವತವೊಂದರ ಬುಡ ಹೇಗಿರುತ್ತದೆ ಎಂದು ಮುಟ್ಟಿ ನೋಡಲು ಅರಾವಳಿಗೇ ಬರಬೇಕು.

ಫೀಲ್ಡಿಗೆ ಹೊರಡುವ ಕಾಲ ಚಳಿಗಾಲ. ಮೇ-ಜೂನಿನಲ್ಲಿ ಈ ಬಂಡೆಗಳ ಮೇಲೆ ಅಂಗೈ ಊರಲು ಆಗದು. ಬೆಳಗಿನ ಮಂಜು ಕರಗಿದ ಮೇಲೆ ಜೆಎನ್‌ಯುವಿನ ಪಾರ್ಥಸಾರಥಿ ರಾಕ್ಸ್‌ನಂಥ ಜಾಗದಲ್ಲಿ ಗುಂಪು ಸೇರುತ್ತದೆ. ವಿಶ್ವವಿದ್ಯಾಲಯದ ಮೊದಲ ಕುಲಪತಿ ಜಿ. ಪಾರ್ಥಸಾರಥಿ ಅವರ ಹೆಸರಿನ ಈ ಬಂಡೆಸಾಲಿನ ಮೇಲೆ ಸಂಜೆ ವಿದ್ಯಾರ್ಥಿಗಳು ಕೂತು ಹರಟುತ್ತಾರೆ. ಭೂವಿಜ್ಞಾನದವರು ಮಾತ್ರ ಅಲ್ಲಿ ಮೊಣಕಾಲೂರಿ ಕೂರುತ್ತಾರೆ. ಕುತ್ತಿಗೆಗೆ ದಾರ ಕಟ್ಟಿ ಇಳಿಬಿಟ್ಟ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ, ಇಳಿಜಾರು ಅಳೆಯುವ ದಿಕ್ಸೂಚಿ, ಮೊನಚು ಮೂತಿಯ ಸುತ್ತಿಗೆ, ಗಟ್ಟಿ ರಟ್ಟಿನ ನೋಟ್‌ಬುಕ್ಕು. ಹೊಸಬರ ಕೈ ಮೊದಲು ಹೋಗುವುದು ಸುತ್ತಿಗೆಗೆ. ಅನುಭವಿ ಮೇಷ್ಟ್ರು ಅದನ್ನು ಚೀಲದಲ್ಲೇ ಇಡಿಸುತ್ತಾರೆ. ಮೊದಲು ದೂರ ನಿಂತು ಇಡೀ ಬಂಡೆಯ ಚಿತ್ರ ಬರೆ, ಆಮೇಲೆ ಹತ್ತಿರ ಹೋಗಿ ಮಸೂರ ಹಿಡಿ, ಒಡೆಯಲೇಬೇಕಾದರೆ ಈಗಾಗಲೇ ಬಿದ್ದಿರುವ ಚೂರನ್ನು ಒಡೆ. ಈ ಕ್ರಮ ಶಿಸ್ತಿನ ಮಾತಷ್ಟೇ ಆಗಿದ್ದರೆ ನಾನಿಲ್ಲಿ ಬರೆಯುತ್ತಿರಲಿಲ್ಲ. ದೂರದಿಂದ ಕಾಣುವ ಸಂಗತಿ ಹತ್ತಿರದಿಂದ ಕಾಣುವುದಿಲ್ಲ. ಬಂಡೆಯ ವಿಚಾರದಲ್ಲಿ ಅದು ಅಕ್ಷರಶಃ ನಿಜ.

ಬಿದ್ದ ಚೂರೊಂದನ್ನು ಒಡೆದಾಗ ಹೊರಗಿನ ಕಂದು ತೊಗಟೆಯ ಕೆಳಗೆ ಬೂದುಬಿಳುಪಿನ ಹೊಸ ಮೈ ಕಾಣುತ್ತದೆ. ಬಿಸಿಲಿಗೆ ಹಿಡಿದರೆ ಕಲ್ಲುಸಕ್ಕರೆಯ ಹಾಗೆ ಮಿಣುಕುತ್ತದೆ. ಕಂದು ಬಣ್ಣ ಕಬ್ಬಿಣದ ತುಕ್ಕಿನದು. ಒಳಗಿರುವುದು ಹೆಚ್ಚುಕಡಿಮೆ ಬರೀ ಬೆಣಚು. ಈ ಕಲ್ಲಿನ ಹೆಸರು ಕ್ವಾರ್ಟ್ಜೈಟ್. ಹುಟ್ಟುವಾಗ ಅದು ಮರಳುಗಲ್ಲಾಗಿತ್ತು. ಮರಳುಗಲ್ಲಿನಲ್ಲಿ ಕಣಗಳನ್ನು ತೆಳುವಾದ ಗಾರೆಯೊಂದು ಹಿಡಿದಿರುತ್ತದೆ. ಒಡೆದರೆ ಬಿರುಕು ಕಣಗಳ ಸುತ್ತ ಬಳಸಿಕೊಂಡು ಹೋಗುತ್ತದೆ, ಉಜ್ಜಿದರೆ ಕೈಗೆ ಮರಳು ಹತ್ತುತ್ತದೆ. ಅದೇ ಕಲ್ಲು ಭೂಮಿಯ ಆಳಕ್ಕಿಳಿದು ಕಾವು ಒತ್ತಡಗಳಿಗೆ ಸಿಕ್ಕಾಗ ಕಣಗಳ ಅಂಚು ಕರಗಿ ಮತ್ತೆ ಹರಳುಗಟ್ಟಿ, ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ. ಆಮೇಲೆ ಬಿರುಕಿಗೆ ಸುತ್ತುದಾರಿಯಿಲ್ಲ. ಕಣಗಳನ್ನೇ ಸೀಳಿಕೊಂಡು ಹೋಗುತ್ತದೆ. ಮಸೂರದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಕನ್ನಡದ ಓದುಗರು ಬಾದಾಮಿಯನ್ನು ನೆನೆದರೆ ವಿಷಯ ಇನ್ನೂ ಸುಲಭ. ಬಾದಾಮಿಯ ಗುಹಾಲಯಗಳಿರುವುದು ಮರಳುಗಲ್ಲಿನಲ್ಲಿ. ಆ ಕಲ್ಲು ಆಳಕ್ಕೆ ಹೋಗಿ ಬೇಯಲಿಲ್ಲ, ಮಡಚಿಕೊಳ್ಳಲಿಲ್ಲ. ಹಾಸಿದ್ದು ಹಾಸಿದ ಹಾಗೆ ಉಳಿಯಿತು. ಆದ್ದರಿಂದಲೇ ಚಾಲುಕ್ಯರ ಶಿಲ್ಪಿಗಳ ಉಳಿಗೆ ಅದು ಒಲಿಯಿತು. ದೆಹಲಿಯ ಕ್ವಾರ್ಟ್ಜೈಟ್ ಹಾಗೆ ಒಲಿಯುವ ಕಲ್ಲಲ್ಲ. ಬೆಣಚಿನ ಗಡಸುತನ ಮೋಸ್ ಮಾಪನದಲ್ಲಿ 7. ಸಾಧಾರಣ ಉಕ್ಕಿನ ಚಾಕು ಅದರ ಮೇಲೆ ಗೀರು ಮೂಡಿಸದೆ ತನ್ನದೇ ಲೋಹವನ್ನು ಬಳಿದು ಬರುತ್ತದೆ.

ಕಾಲೇಜಿನ ಪಠ್ಯದಲ್ಲಿ ಈ ಕಲ್ಲುಗಳಿಗೆ ಅಲ್ವರ್ ಕ್ವಾರ್ಟ್ಜೈಟ್ ಎಂದು ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಿ. ಎ. ಹ್ಯಾಕೆಟ್ 1881ರಲ್ಲಿ ಅರಾವಳಿ ಪ್ರದೇಶದ ಭೂವಿಜ್ಞಾನದ ಬಗ್ಗೆ ಬರೆದರು. ಆಮೇಲೆ ಎ. ಎಂ. ಹೆರಾನ್ ರಾಜಪುತಾನಾದ ಬೆಟ್ಟಗಳನ್ನು ದಶಕಗಳ ಕಾಲ ಸುತ್ತಿ ನಕಾಶೆ ಮಾಡಿದರು. ಇಂದು ನಾವು ದೆಹಲಿ ಮಹಾಸಮೂಹ ಎಂದು ಕರೆಯುವ ಶಿಲಾಸರಣಿಯ ಚೌಕಟ್ಟು ಬಹುಮಟ್ಟಿಗೆ ಅವರು ಕಟ್ಟಿಕೊಟ್ಟದ್ದು. ಉಪಗ್ರಹಚಿತ್ರ, ಪ್ರಯೋಗಾಲಯ ಯಾವುದೂ ಇಲ್ಲದ ಕಾಲದಲ್ಲಿ ಮಾಡಿದ ಆ ನಕಾಶೆಗಳನ್ನು ಇವತ್ತಿಗೂ ವಿದ್ಯಾರ್ಥಿಗಳು ಬಿಡಿಸಿ ನೋಡುತ್ತಾರೆ.

ಇನ್ನು ಸ್ವಲ್ಪ ಹೊತ್ತು ಒಂದೇ ಬಂಡೆಯ ಮುಂದೆ ನಿಲ್ಲೋಣ. ಅದೃಷ್ಟವಿದ್ದರೆ ಅದರ ಮೈಮೇಲೆ ಸಮಾನಾಂತರವಾಗಿ ಓಡುವ ಏರುತಗ್ಗುಗಳ ಸಾಲು ಕಾಣುತ್ತದೆ. ಕಾರವಾರದ ಕಡಲತೀರದಲ್ಲಿ ನೀರಿಳಿದ ಮೇಲೆ ಮರಳಿನ ಮೇಲೆ ಉಳಿಯುವ ಅಲೆಗುರುತು ಗೊತ್ತಲ್ಲ, ಅವೇ ಇವು. ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ನೀರು ಮರಳಿನ ಮೇಲೆ ಹರಿದಾಡಿ ಬಿಟ್ಟುಹೋದ ಗುರುತು. ಮೇಲೆ ಹೊಸ ಮರಳು ಬಿದ್ದು ಅದನ್ನು ಮುಚ್ಚಿ ಕಾಪಾಡಿತು. ಬಂಡೆಯ ಪಕ್ಕದ ಮೈ ನೋಡಿದರೆ ಇನ್ನೊಂದು ಸಂಗತಿಯಿದೆ. ದೊಡ್ಡ ಪದರಗಳ ಒಳಗೆ ಸಣ್ಣ ಪದರಗಳು ಓರೆಯಾಗಿ ಇಳಿದಿರುತ್ತವೆ. ನೀರು ಮರಳನ್ನು ದೂಡಿ ದಿಣ್ಣೆಯ ಮುಂದಿನ ಇಳಿಜಾರಿನಲ್ಲಿ ಸುರಿದಂತೆಲ್ಲ ಮೂಡಿದ ಓರೆಪದರಗಳಿವು. ಅವು ಯಾವ ಕಡೆಗೆ ಇಳಿಯುತ್ತವೆ ಎಂಬುದರಿಂದ ಆ ಕಾಲದ ನೀರು ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂದು ಹೇಳಬಹುದು. ಓರೆಪದರಗಳ ಮೇಲ್ತುದಿಯನ್ನು ಮುಂದಿನ ಪ್ರವಾಹ ಕೊಚ್ಚಿ ಚಪ್ಪಟೆ ಮಾಡಿರುತ್ತದೆ. ಕೆಳತುದಿ ನಯವಾಗಿ ಬಾಗಿ ತಳಕ್ಕೆ ಕೂಡಿಕೊಂಡಿರುತ್ತದೆ. ಹೀಗಾಗಿ ಬಂಡೆ ತಲೆಕೆಳಗಾಗಿದ್ದರೂ ಅದರ ಮೂಲ ಮೇಲ್ಮೈ ಯಾವುದು ಎಂದು ಪತ್ತೆಮಾಡಬಹುದು. ಮಡಚಿಹೋದ ಪರ್ವತದಲ್ಲಿ ಈ ಒಂದು ಸುಳಿವಿನ ಬೆಲೆ ದೊಡ್ಡದು.

ಆ ಮರಳು ಹರಿದು ಬಂದ ಲೋಕವನ್ನು ಊಹಿಸಿಕೊಳ್ಳುವುದು ವಿದ್ಯಾರ್ಥಿಗಳಿಗೆ ಅತ್ಯಂತ ಕಷ್ಟದ ಕೆಲಸ. ನೆಲದ ಮೇಲೆ ಒಂದು ಹುಲ್ಲುಕಡ್ಡಿಯಿಲ್ಲ. ಮರವಿಲ್ಲ, ಹುಳುವಿಲ್ಲ, ಹಕ್ಕಿಯಿಲ್ಲ. ಜೀವ ಇತ್ತು, ಆದರೆ ನೀರಿನಲ್ಲಿ, ಕಣ್ಣಿಗೆ ಕಾಣದ ಗಾತ್ರದಲ್ಲಿ. ಇದೇ ಅರಾವಳಿಯಲ್ಲಿ ಉದಯಪುರದ ಹತ್ತಿರದ ಝಾಮರ್‌ಕೋಟ್ರಾದಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳು ಇನ್ನೂ ಹಳೆಯ ಶಿಲೆಗಳಲ್ಲಿ ಉಳಿದಿವೆ. ಬೇರುಗಳಿಲ್ಲದ ನೆಲದಲ್ಲಿ ಮಣ್ಣನ್ನು ಹಿಡಿದಿಡುವವರಿರಲಿಲ್ಲ. ದಡಗಳು ಕುಸಿಯುತ್ತಿದ್ದವು, ನದಿಗಳು ಅಗಲಕ್ಕೆ ಹರಡಿಕೊಂಡು ಮರಳನ್ನು ಮತ್ತೆ ಮತ್ತೆ ಹೊತ್ತು ತಿಕ್ಕುತ್ತಿದ್ದವು. ದುರ್ಬಲ ಖನಿಜಗಳೆಲ್ಲ ಪುಡಿಯಾಗಿ, ಕರಗಿ, ತೊಳೆದುಹೋಗಿ ಬೆಣಚಿನ ಕಣಗಳಷ್ಟೇ ಉಳಿದವು. ದೆಹಲಿಯ ಬಂಡೆಯಲ್ಲಿ ಬೆಣಚು ಇಷ್ಟು ಶುದ್ಧವಾಗಿರುವುದರ ಹಿಂದೆ ಈ ದೀರ್ಘ ತೊಳೆತವಿದೆ.

ಮರಳು ಹಾಸಾಗಿಯೇ ಬೀಳುತ್ತದೆ. ಆದರೆ ರಿಡ್ಜ್‌ನ ಪದರಗಳು ಎದ್ದು ನಿಂತಿವೆ, ಕೆಲವೆಡೆ ಗೋಡೆಯಷ್ಟು ಕಡಿದಾಗಿ. ಇಲ್ಲಿಂದ ದಿಕ್ಸೂಚಿಯ ಕೆಲಸ ಶುರು. ಪದರದ ಮೇಲ್ಮೈ ಮೇಲೆ ನೀರಿನ ಬಾಟಲಿ ತೆಗೆದು ನಾಲ್ಕು ಹನಿ ಸುರಿಯುತ್ತಾರೆ. ನೀರು ಓಡುವ ದಾರಿ ಪದರದ ಇಳಿಜಾರಿನ ದಿಕ್ಕು. ಅದಕ್ಕೆ ಅಡ್ಡಲಾಗಿ, ಮಟ್ಟಸವಾಗಿ ಎಳೆದ ಗೆರೆ ಪದರದ ಹರವಿನ ದಿಕ್ಕು. ಎರಡನ್ನೂ ಅಳೆದು, ಇಳಿಜಾರಿನ ಕೋನ ಬರೆದು, ಮುಂದಿನ ಬಂಡೆಗೆ ಹೋಗಬೇಕು. ಹತ್ತು ಕಡೆ ಅಳೆದಾಗ ಬೇಸರ ಬರುತ್ತದೆ. ನೂರು ಕಡೆ ಅಳೆದು ನಕಾಶೆಯ ಮೇಲೆ ಗುರುತು ಹಾಕಿದಾಗ ಪದರಗಳು ಬಹುತೇಕ ಉತ್ತರ-ಈಶಾನ್ಯದಿಂದ ದಕ್ಷಿಣ-ನೈರುತ್ಯಕ್ಕೆ ಸಾಲಾಗಿ ಓಡುವುದು ಗೊತ್ತಾಗುತ್ತದೆ. ಒಂದೇ ಪದರ ಒಂದು ಕಡೆ ಪೂರ್ವಕ್ಕೆ ಇಳಿದು ಇನ್ನೊಂದು ಕಡೆ ಪಶ್ಚಿಮಕ್ಕೆ ಇಳಿದಿದ್ದರೆ ನಡುವೆ ಒಂದು ಮಡಿಕೆಯಿದೆ ಎಂದರ್ಥ. ಮಡಿಕೆಯ ನೆತ್ತಿ ಗಾಳಿಯಲ್ಲಿ ಮಾಯವಾಗಿದ್ದರೂ ಎರಡೂ ಕಾಲುಗಳು ನೆಲದಲ್ಲಿ ಉಳಿದಿರುತ್ತವೆ. ಅವುಗಳ ಕೋನ ನೋಡಿ ಕಾಗದದ ಮೇಲೆ ನೆತ್ತಿಯನ್ನು ಪೂರ್ತಿಮಾಡುವ ಗಳಿಗೆಯಲ್ಲಿ, ಈಗ ಇಲ್ಲದ ಪರ್ವತ ಮೊದಲ ಸಲ ವಿದ್ಯಾರ್ಥಿಯ ಕಣ್ಣಿಗೆ ಬೀಳುತ್ತದೆ.

ಎಷ್ಟು ಸವೆದಿದೆ? ಇದಕ್ಕೆ ಕ್ವಾರ್ಟ್ಜೈಟ್ ಉತ್ತರ ಹೇಳುವುದಿಲ್ಲ. ಬೆಣಚು ಎಷ್ಟು ಕಾಯಿಸಿದರೂ ಬೆಣಚೇ. ಅದರ ಪದರಗಳ ನಡುವೆ ಸಿಕ್ಕಿಕೊಂಡ ಶಿಸ್ಟ್ ಎಂಬ ಮೆತ್ತನೆಯ ಕಲ್ಲನ್ನು ಕೇಳಬೇಕು. ಮೂಲದಲ್ಲಿ ಅದು ಕೆಸರು. ಕಾವು ಏರಿದಂತೆ ಕೆಸರಿನ ಖನಿಜಗಳು ಬೇರೆ ಬೇರೆ ಹಂತದಲ್ಲಿ ಬೇರೆ ಬೇರೆ ಹರಳುಗಳಾಗುತ್ತವೆ: ಕಾಗೆಬಂಗಾರ, ಆಮೇಲೆ ಗಾರ್ನೆಟ್, ಹೀಗೆ. ಯಾವ ಹರಳು ಹುಟ್ಟಿದೆ ಎಂಬುದರಿಂದ ಕಲ್ಲು ಕಂಡ ಕಾವನ್ನು, ಅದರಿಂದ ಅದು ಇಳಿದಿದ್ದ ಆಳವನ್ನು ಅಂದಾಜು ಮಾಡುತ್ತಾರೆ. ಅರಾವಳಿಯ ಈ ಭಾಗದ ಶಿಲೆಗಳು ನೂರಾರು ಡಿಗ್ರಿ ಕಾವನ್ನು, ಹಲವು ಕಿಲೋಮೀಟರ್ ಆಳವನ್ನು ಕಂಡು ಬಂದಿವೆ. ಅಂದರೆ ಇಂದು ನಾವು ಕಾಲಿಟ್ಟಿರುವ ಬಂಡೆಯ ಮೇಲೆ ಒಂದು ಕಾಲಕ್ಕೆ ಅಷ್ಟು ಕಿಲೋಮೀಟರ್ ಕಲ್ಲಿತ್ತು. ಮಳೆ, ಗಾಳಿ, ನದಿ ಅದನ್ನೆಲ್ಲ ತೆಗೆದುಕೊಂಡು ಹೋದವು. ಮೆತ್ತನೆಯ ಶಿಸ್ಟ್ ಬೇಗ ಸವೆದು ತಗ್ಗಾಯಿತು, ಬೆಣಚು ಸವೆಯದೆ ದಿಣ್ಣೆಯಾಗಿ ನಿಂತಿತು. ರಿಡ್ಜ್ ಎಂಬ ರಿಡ್ಜ್ ಉಳಿದದ್ದೇ ಹೀಗೆ.

ಇಂಥ ಒಂದು ಗುಂಪಿನ ಜೊತೆ ನಾನು ಓಡಾಡುತ್ತಿದ್ದಾಗ ನನ್ನ ಕನ್ನಡ ಕೇಳಿ ಒಬ್ಬ ಹುಡುಗಿ ಹತ್ತಿರ ಬಂದಳು. ರಾಯಚೂರು ಕಡೆಯವಳು. “ಸರ್, ನಮ್ ಕಡೆ ಕಲ್ಲು ಇದಕ್ಕಿಂತ ಹಳೇವಲ್ರಿ?” ಎಂದು ಕೇಳಿದಳು. ಪ್ರಶ್ನೆಯಲ್ಲಿ ಊರಿನ ಅಭಿಮಾನವೂ ಇತ್ತು, ನಿಜವಾದ ಕುತೂಹಲವೂ ಇತ್ತು. “ಹೌದಮ್ಮ, ತುಂಬ ಹಳೇವು,” ಎಂದೆ. ರಾಯಚೂರಿನ ಗ್ರಾನೈಟು, ನೈಸ್ ಕಲ್ಲುಗಳು ಸುಮಾರು 250 ಕೋಟಿ ವರ್ಷ ಮತ್ತು ಅದಕ್ಕೂ ಹಿಂದಿನವು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ ಎಂದು ಅಲ್ಲಿನ ಫಲಕವೇ ಹೇಳುತ್ತದೆ. ದೆಹಲಿಯ ಕ್ವಾರ್ಟ್ಜೈಟ್‌ನ ಮರಳು ಬಿದ್ದದ್ದು ಸುಮಾರು 150ರಿಂದ 170 ಕೋಟಿ ವರ್ಷಗಳ ಹಿಂದೆ. ಆದರೆ ಅರಾವಳಿಯನ್ನು ಅಷ್ಟಕ್ಕೇ ಕಿರಿದೆನ್ನಲಾಗದು. ಅದರ ಬುನಾದಿಯಾಗಿರುವ ಮೇವಾಡದ ನೈಸ್ ಶಿಲೆಗಳಲ್ಲಿ ಕೆಲವಕ್ಕೆ ಸುಮಾರು 330 ಕೋಟಿ ವರ್ಷ. ಅವು ನಮ್ಮ ಹಾಸನ ಜಿಲ್ಲೆಯ ಗೊರೂರಿನ ನೈಸ್‌ನ ಸರೀಕರು.

“ಮರಳು ಬಿದ್ದ ವರ್ಷ ಹ್ಯಾಂಗ್ ಗೊತ್ತಾಗ್ತದ್ರಿ?” ಅದು ಅವಳ ಮುಂದಿನ ಪ್ರಶ್ನೆ. ಬಹಳ ಸರಿಯಾದ ಪ್ರಶ್ನೆ. ಬೆಣಚಿನಲ್ಲಿ ಗಡಿಯಾರವಿಲ್ಲ. ಆದರೆ ಮರಳಿನ ಜೊತೆ ಕೆಲವೇ ಕೆಲವು ಜಿರ್ಕಾನ್ ಕಣಗಳು ಬಂದು ಸೇರಿರುತ್ತವೆ, ಹೆಚ್ಚಿನವು ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು ಸಣ್ಣವು. ಜಿರ್ಕಾನ್ ಹರಳಾಗುವಾಗ ತನ್ನೊಳಗೆ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಆದ್ದರಿಂದ ಹರಳಿನಲ್ಲಿ ಈಗ ಸಿಗುವ ಸೀಸವೆಲ್ಲ ಬಹುಪಾಲು ಯುರೇನಿಯಂ ಕ್ಷಯಿಸಿ ಆದದ್ದು. ಯುರೇನಿಯಂ-238ರಲ್ಲಿ ಅರ್ಧದಷ್ಟು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರಗಳು. ಎರಡೂ ಒಂದೇ ಕಾಲ ತೋರಿಸಿದರೆ ಲೆಕ್ಕ ನಂಬಬಹುದು. ಆದರೆ ಈ ವಯಸ್ಸು ಜಿರ್ಕಾನಿನದು, ಮರಳುಹಾಸಿನದಲ್ಲ. ಕಣಗಳು ಎಲ್ಲೋ ದೂರದ ಗ್ರಾನೈಟಿನಲ್ಲಿ ಹುಟ್ಟಿ, ಅದು ಸವೆದ ಮೇಲೆ ಇಲ್ಲಿಗೆ ಬಂದವು. ನೂರಾರು ಕಣಗಳ ವಯಸ್ಸು ಅಳೆದು, ಅವುಗಳಲ್ಲಿ ಅತಿ ಕಿರಿಯದನ್ನು ಹುಡುಕುತ್ತಾರೆ. ಮರಳುಹಾಸು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆಮೇಲೆ ಆ ಹಾಸನ್ನು ಕತ್ತರಿಸಿ ನುಗ್ಗಿದ ಅಗ್ನಿಶಿಲೆ ಸಿಕ್ಕರೆ ಅದರ ವಯಸ್ಸನ್ನೂ ಅಳೆಯುತ್ತಾರೆ. ಮರಳುಹಾಸು ಅದಕ್ಕಿಂತ ಹೊಸದಾಗಿರಲಾರದು. ಎರಡು ಗಡಿಗಳ ನಡುವೆ ಉತ್ತರವಿದೆ. ಈ ವಿವರಣೆ ಮುಗಿಯುವ ಹೊತ್ತಿಗೆ ಅವಳ ಸುತ್ತ ಕನ್ನಡ ಬಾರದವರೂ ನಾಲ್ಕು ಜನ ಸೇರಿದ್ದರು; ಅವಳೇ ಅವರಿಗೆ ಹಿಂದಿಯಲ್ಲಿ ಹೇಳಿದಳು, ನನಗಿಂತ ಚೆನ್ನಾಗಿ.

ಹಾಗೆ ನುಗ್ಗಿದ ಅಗ್ನಿಶಿಲೆ ದೆಹಲಿಯಲ್ಲೂ ಇದೆ. ಕ್ವಾರ್ಟ್ಜೈಟ್‌ನ ಬಿರುಕುಗಳಲ್ಲಿ ಪೆಗ್ಮಟೈಟ್ ಎಂಬ ದೊಡ್ಡ ಹರಳಿನ ಶಿಲೆ ನರದಂತೆ ಹಬ್ಬಿದೆ. ಅದರ ಫೆಲ್ಡ್‌ಸ್ಪಾರ್ ಕೊಳೆತು ಬಿಳಿ ಜೇಡಿಯಾಯಿತು. ಪಿಂಗಾಣಿಗೆ ಬೇಕಾಗುವ ಆ ಜೇಡಿಗಾಗಿ ಕುಸುಂಪುರ ಪಹಾಡಿ, ರಂಗಪುರಿಗಳ ಕಡೆ ನೆಲ ಅಗೆದರು. ಸೀಳಿ ಪುಡಿಯಾದ ಕ್ವಾರ್ಟ್ಜೈಟ್‌ನಿಂದ ಬಂದ ಒರಟು ಮರಳಿಗೆ ದೆಹಲಿಯ ಗಾರೆಯವರು ಬದರ್‌ಪುರ್ ಎನ್ನುತ್ತಾರೆ. ರಾಜಧಾನಿಯ ಎಷ್ಟೋ ಮನೆಗಳ ಕಾಂಕ್ರೀಟಿನಲ್ಲಿ ಅದು ಸೇರಿದೆ.

ದೆಹಲಿಯಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರ್ ಚಿಲ್ಲರೆ ಹೋದರೆ ಹರಿಯಾಣದ ಚರ್ಖಿ ದಾದ್ರಿ. ಅದೂ ರಾಜಧಾನಿ ವಲಯಕ್ಕೇ ಸೇರಿದ ಜಿಲ್ಲೆ. ಅಲ್ಲಿನ ಕಲಿಯಾಣಾ ಬೆಟ್ಟದಲ್ಲಿ ಜಗತ್ತಿನ ಕೆಲವೇ ಕಡೆ ಸಿಗುವ ಒಂದು ಕಲ್ಲಿದೆ. ಅದು ಬಾಗುತ್ತದೆ. ಒಂದು ಅಡಿ ಉದ್ದದ ತೆಳು ಪಟ್ಟಿಯನ್ನು ಎರಡು ತುದಿ ಹಿಡಿದು ಒತ್ತಿದರೆ ಮುರಿಯದೆ ಮಣಿಯುತ್ತದೆ; ಒಂದು ತುದಿ ಹಿಡಿದು ಎತ್ತಿದರೆ ಇನ್ನೊಂದು ತುದಿ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಮೊದಲ ಸಲ ಕೈಗೆ ತೆಗೆದುಕೊಂಡವರು ಯಾರೇ ಆಗಲಿ ಅದನ್ನು ಕಲ್ಲೆಂದು ಒಪ್ಪಲು ಒಂದು ನಿಮಿಷ ಹಿಡಿಯುತ್ತದೆ. ಬ್ರೆಜಿಲ್‌ನ ಇಟಾಕೊಲುಮಿ ಪರ್ವತದಲ್ಲೂ ಇಂಥದೇ ಕಲ್ಲಿರುವುದರಿಂದ ಇದಕ್ಕೆ ಇಟಾಕೊಲುಮೈಟ್ ಎಂಬ ಹೆಸರು ಬಂತು.

ಬೆಣಚಿನಂಥ ಬಿರುಸು ಖನಿಜದಿಂದಾದ ಕಲ್ಲು ಬಾಗುವುದು ಹೇಗೆ? ಅದರೊಳಗಿನ ಕಾಗೆಬಂಗಾರದ ಹಾಳೆಗಳೇ ಕಾರಣವೆಂದು ಮೊದಲು ಎಣಿಸಿದವರಿದ್ದರು. ಭೂಮಿಗೆ ತಿರುಳಿದೆ ಎಂದು 1906ರಲ್ಲಿ ಭೂಕಂಪದ ಅಲೆಗಳಿಂದ ತೋರಿಸಿಕೊಟ್ಟ ಆರ್. ಡಿ. ಓಲ್ಡ್‌ಹ್ಯಾಮ್, ಅದಕ್ಕೂ ಮುಂಚೆ ಭಾರತದಲ್ಲಿ ಸರ್ವೇಕ್ಷಣೆಯ ಕೆಲಸದಲ್ಲಿದ್ದಾಗ ಈ ಬಾಗುವ ಕಲ್ಲಿನ ರಚನೆಯನ್ನು ಪರೀಕ್ಷಿಸಿದ್ದರು. ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾರಣ ಕಣಗಳ ಆಕಾರದಲ್ಲಿದೆ. ಸುತ್ತುಬಳಸಿನ ಅಂಚುಗಳಿಂದ ಅವು ಒಂದರೊಳಗೊಂದು ಸಿಕ್ಕಿಕೊಂಡಿವೆ. ನೀರು, ಹವೆಗಳ ದೀರ್ಘ ಕೆಲಸದಿಂದ ಅಂಚಿನ ನಡುವೆ ಕೂದಲೆಳೆಯಷ್ಟು ಬಿಡುವು ಹುಟ್ಟಿದೆ. ಪ್ರತಿ ಕಣಕ್ಕೂ ತುಸುವೇ ಅಲುಗಾಡಲು ಜಾಗವಿದೆ, ಕಳಚಿ ಬೀಳಲು ಮಾತ್ರ ಜಾಗವಿಲ್ಲ. ಲಕ್ಷಾಂತರ ಕಣಗಳ ಅಲುಗಾಟ ಕೂಡಿ ಪಟ್ಟಿ ಬಾಗುತ್ತದೆ. ಬೆಣಚು ಬಾಗಲಿಲ್ಲ, ಕಣಗಳ ಜೋಡಣೆ ಸಡಿಲವಾಯಿತು ಅಷ್ಟೆ. ಕಲ್ಲಿನ ಗುಣ ಅದರ ಖನಿಜದಷ್ಟೇ ಕಣಗಳ ಹೆಣಿಗೆಯಲ್ಲೂ ಇದೆ ಎಂಬುದನ್ನು ಪುಸ್ತಕದ ಹತ್ತು ಪುಟ ಕಲಿಸಲಾರದಷ್ಟು ಚೆನ್ನಾಗಿ ಈ ಒಂದು ಪಟ್ಟಿ ಕಲಿಸುತ್ತದೆ. ಅಂಥ ಬೆಟ್ಟದಲ್ಲಿ ವರ್ಷಗಳಿಂದ ಕಲ್ಲುಗಣಿ ನಡೆದಿದೆ. ಜಲ್ಲಿ ಬೇರೆ ಎಲ್ಲಿಯಾದರೂ ಸಿಗುತ್ತದೆ, ಬಾಗುವ ಕಲ್ಲು ಸಿಗುವುದಿಲ್ಲ.

ಮನುಷ್ಯರು ದೆಹಲಿಯ ಕ್ವಾರ್ಟ್ಜೈಟ್ ಅನ್ನು ಕೈಗೆತ್ತಿಕೊಂಡದ್ದು ಬಹಳ ಹಿಂದೆ. ಫರಿದಾಬಾದಿನ ಅನಂಗಪುರದ ಸುತ್ತ ಹಳೆಯ ಶಿಲಾಯುಗದ ಉಪಕರಣಗಳು ರಾಶಿಯಾಗಿ ಸಿಕ್ಕಿವೆ, ಕ್ವಾರ್ಟ್ಜೈಟ್‌ನವೇ. 1863ರಲ್ಲಿ ಚೆನ್ನೈ ಬಳಿಯ ಪಲ್ಲಾವರಂನಲ್ಲಿ ರಾಬರ್ಟ್ ಬ್ರೂಸ್ ಫೂಟ್‌ಗೆ ಸಿಕ್ಕು ಭಾರತದ ಪೂರ್ವೇತಿಹಾಸವನ್ನೇ ಹಿಂದಕ್ಕೆ ಒಯ್ದ ಕಲ್ಲಿನ ಆಯುಧವೂ ಕ್ವಾರ್ಟ್ಜೈಟ್‌ನದು. ಅದೇ ಫೂಟ್ ಆಮೇಲೆ 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. ಒಡೆದರೆ ಹರಿತವಾದ ಅಂಚು ಕೊಡುವ, ಬೇಗ ಮೊಂಡಾಗದ ಕಲ್ಲನ್ನು ಆದಿಮಾನವರು ಎಲ್ಲೆಡೆ ಗುರುತಿಸಿಕೊಂಡಿದ್ದರು. ಅನಂಗಪುರದಲ್ಲೇ ತೋಮರ ದೊರೆಗಳು ಕಟ್ಟಿಸಿದ ಹಳೆಯ ಅಣೆಕಟ್ಟಿಗೂ, 1320ರಲ್ಲಿ ಪಟ್ಟಕ್ಕೆ ಬಂದ ಘಿಯಾಸುದ್ದೀನ್ ತುಘಲಕ್ ಎಬ್ಬಿಸಿದ ತುಘಲಕಾಬಾದ್ ಕೋಟೆಗೂ ಕಲ್ಲು ಕಾಲ ಕೆಳಗಿನದೇ. ಕೆಂಪುಕೋಟೆಯ ಕೆಂಪು ಕಲ್ಲು ಮಾತ್ರ ದೆಹಲಿಯದಲ್ಲ. ಅದು ವಿಂಧ್ಯ ಸಮೂಹದ ಮರಳುಗಲ್ಲು, ದಕ್ಷಿಣದಿಂದ, ಆಗ್ರಾದ ಆಚೀಚಿನ ಗಣಿಗಳಿಂದ ಬಂದದ್ದು. ತುಘಲಕಾಬಾದಿನ ಗೋಡೆ ಏಕೆ ಒರಟು, ಕೆಂಪುಕೋಟೆಯ ಹೂಬಳ್ಳಿ ಏಕೆ ನಯ ಎಂಬುದಕ್ಕೆ ಉತ್ತರದ ಒಂದು ಭಾಗ ಈ ಎರಡು ಕಲ್ಲುಗಳಲ್ಲಿದೆ.

ಕರ್ನಾಟಕದಿಂದ ಹೋದವರಿಗೆ ನಾನು ತಪ್ಪದೆ ತೋರಿಸಬಯಸುವ ಬಂಡೆ ದಕ್ಷಿಣ ದೆಹಲಿಯ ಈಸ್ಟ್ ಆಫ್ ಕೈಲಾಶ್ ಬಡಾವಣೆಯಲ್ಲಿದೆ. ಅರಾವಳಿಯ ತುಣುಕೊಂದರ ಮೇಲೆ ಅಶೋಕನ ಕಿರುಶಾಸನವಿದೆ. ಬಹಾಪುರ ಶಾಸನ ಎಂದು ಹೆಸರು. 1966ರಲ್ಲಿ, ಸುತ್ತ ಮನೆಗಳೇಳುತ್ತಿದ್ದ ಕಾಲದಲ್ಲಿ ಪತ್ತೆಯಾಯಿತು. ಅದೇ ಮೊದಲ ಕಿರುಶಾಸನದ ಪಾಠ ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇದೆ. 1915ರಲ್ಲಿ ಮಸ್ಕಿಯ ಶಾಸನವನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅಲ್ಲಿಯವರೆಗೆ ದೇವಾನಾಂಪ್ರಿಯನೆಂಬ ಬಿರುದಿನಿಂದಷ್ಟೇ ಮಾತಾಡುತ್ತಿದ್ದ ಶಾಸನಗಳ ಒಡೆಯ ಅಶೋಕನೇ ಎಂದು ಖಚಿತಪಡಿಸಿದ್ದು ಮಸ್ಕಿಯ ಆ ಕಲ್ಲು. ಒಂದೇ ದೊರೆಯ ಒಂದೇ ಮಾತು, ದೆಹಲಿಯಲ್ಲಿ ಕ್ವಾರ್ಟ್ಜೈಟ್ ಮೇಲೆ, ಮಸ್ಕಿಯಲ್ಲಿ ಗ್ರಾನೈಟ್ ಜಾತಿಯ ಬಂಡೆಯ ಮೇಲೆ. ಎರಡು ಕಲ್ಲುಗಳ ನಡುವೆ ಸುಮಾರು ನೂರು ಕೋಟಿ ವರ್ಷದ ಅಂತರವಿದೆ. ಶಾಸನ ಕೊರೆದದ್ದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ. ಆ ಹುಡುಗಿಗೆ ಮಸ್ಕಿ ಗೊತ್ತಿತ್ತು, ಬಹಾಪುರ ಗೊತ್ತಿರಲಿಲ್ಲ.

ರಿಡ್ಜ್ ವಜೀರಾಬಾದಿನ ಹತ್ತಿರ ಯಮುನೆಯ ಬಳಿ ಕಣ್ಮರೆಯಾಗುತ್ತದೆ. ಮುಗಿಯುವುದಿಲ್ಲ. ಗಂಗಾ-ಯಮುನೆಯರು ತಂದು ಸುರಿದ ಮೆಕ್ಕಲು ಮಣ್ಣಿನ ಅಡಿಯಲ್ಲಿ ಅದು ಹರಿದ್ವಾರದ ದಿಕ್ಕಿಗೆ ಮುಂದುವರಿಯುತ್ತದೆ. ಭೂಭೌತ ವಿಜ್ಞಾನಿಗಳು ಅದನ್ನು ದೆಹಲಿ-ಹರಿದ್ವಾರ ರಿಡ್ಜ್ ಎನ್ನುತ್ತಾರೆ. ದೆಹಲಿಯೊಳಗೇ ಕೆಲವೆಡೆ ಬಂಡೆ ನೆಲದ ಮೇಲಿದ್ದರೆ ಕೆಲವೆಡೆ ಇನ್ನೂರು ಮುನ್ನೂರು ಮೀಟರ್ ಮಣ್ಣಿನ ಕೆಳಗಿದೆ. ಭೂಕಂಪದ ದೃಷ್ಟಿಯಿಂದ ಇದು ದೊಡ್ಡ ವಿಷಯ. ಅಲೆಗಳು ಗಟ್ಟಿ ಬಂಡೆಯಲ್ಲಿ ಬೇಗ ದಾಟಿಹೋಗುತ್ತವೆ; ಸಡಿಲ ಮೆಕ್ಕಲಿನಲ್ಲಿ ನಿಧಾನವಾಗಿ, ದೊಡ್ಡ ಅಲುಗಾಟವಾಗಿ ಹಿಗ್ಗುತ್ತವೆ. 2025ರ ಫೆಬ್ರುವರಿ 17ರ ನಸುಕಿನಲ್ಲಿ ದೆಹಲಿಯನ್ನು ಎಬ್ಬಿಸಿದ 4.0 ತೀವ್ರತೆಯ ಕಂಪನದ ಕೇಂದ್ರ ಧೌಲಾಕುವಾಂ ಬಳಿ, ಕೇವಲ 5 ಕಿಲೋಮೀಟರ್ ಆಳದಲ್ಲಿತ್ತು. ಸವೆದ ಪರ್ವತದಲ್ಲೂ ಹಳೆಯ ಬಿರುಕುಗಳು ಪೂರ್ತಿ ಸುಮ್ಮನಾಗಿಲ್ಲ. ಹಳೆಯ ಕಲ್ಲನ್ನು ಓದುವುದು ನಗರ ಕಟ್ಟುವವರಿಗೂ ಬೇಕು ಎನ್ನುವುದಕ್ಕೆ ಇಷ್ಟು ಸಾಕು. ಅದೇ ಕ್ವಾರ್ಟ್ಜೈಟ್‌ನ ಬಿರುಕುಗಳು ಮಳೆನೀರನ್ನು ಆಳಕ್ಕೆ ಇಳಿಸುತ್ತವೆ ಕೂಡ. ಬೆಟ್ಟ ಅಗೆದ ಕಡೆ ಬಾವಿ, ಕೆರೆ ಬತ್ತಿದ್ದನ್ನು ಫರಿದಾಬಾದಿನ ಬಡ್ಖಲ್ ಕೆರೆಯ ಸುತ್ತಲಿನವರು ಕಣ್ಣಾರೆ ಕಂಡಿದ್ದಾರೆ.

ದಕ್ಷಿಣ ದೆಹಲಿಯ ಭಟ್ಟಿಯ ಗಣಿಗಳು ನಿಂತು 1991ರಲ್ಲಿ ಆ ಪ್ರದೇಶ ಅಸೋಲಾ ಅಭಯಾರಣ್ಯಕ್ಕೆ ಸೇರಿತು. ಫರಿದಾಬಾದ್, ಗುರುಗ್ರಾಮ, ಮೇವಾತಿನ ಅರಾವಳಿಯಲ್ಲಿ ಗಣಿಗಾರಿಕೆಗೆ 2009ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಗಣಿಗಳಿಂದ ಹಾಳಾಗಿದ್ದ ನೆಲದಲ್ಲೇ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ನೆರವಿನಿಂದ ವಸಂತ ವಿಹಾರದ ಅರಾವಳಿ ಜೀವವೈವಿಧ್ಯ ಉದ್ಯಾನ ಎದ್ದಿದೆ; ಫೀಲ್ಡಿಗೆ ಅದೂ ಒಳ್ಳೆಯ ಜಾಗ. ಹೀಗಿರುವಾಗ 2025ರ ನವೆಂಬರ್ 20ರಂದು, ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರವಿದ್ದರೆ ಮಾತ್ರ ಅರಾವಳಿ ಬೆಟ್ಟ ಎಂಬ ವ್ಯಾಖ್ಯೆಯನ್ನು ನ್ಯಾಯಾಲಯ ಒಪ್ಪಿತು. ರಾಜಸ್ಥಾನ, ಹರಿಯಾಣಗಳಲ್ಲಿ ಜನ ಬೀದಿಗಿಳಿದರು. ಡಿಸೆಂಬರ್ 29ರಂದು ನ್ಯಾಯಾಲಯವೇ ಆ ಆದೇಶವನ್ನು ತಡೆಹಿಡಿಯಿತು.

ಎತ್ತರವನ್ನು ಅಳತೆಗೋಲು ಮಾಡುವುದು ಭೂವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಪರ್ವತ ಹಳೆಯದಾದಷ್ಟೂ ತಗ್ಗುತ್ತದೆ. ನೂರು ಮೀಟರಿನ ಗೆರೆ ಎಳೆದರೆ ಅತಿ ಹೆಚ್ಚು ಸವೆದ ಭಾಗಗಳೇ ಮೊದಲು ಹೊರಗುಳಿಯುತ್ತವೆ. ಪದರಗಳ ಹರವು, ಮಡಿಕೆಯ ಕಾಲುಗಳು, ಕಲ್ಲಿನ ಜಾತಿ, ಅದರೊಳಗಿನ ಜಿರ್ಕಾನ್, ಇವುಗಳಿಂದ ಅರಾವಳಿಯ ಎಲ್ಲೆ ಗೊತ್ತುಮಾಡಬೇಕು. ದಿಕ್ಸೂಚಿ ಹಿಡಿಯಲು ಈಗಷ್ಟೇ ಕಲಿತ ಬಿ.ಎಸ್ಸಿ. ವಿದ್ಯಾರ್ಥಿಗೂ ಆ ಕೆಲಸದ ಮೊದಲ ಹೆಜ್ಜೆ ಗೊತ್ತು.

ದೆಹಲಿಗೆ ಹೋಗುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಕುತುಬ್ ಮಿನಾರ್, ಕೆಂಪುಕೋಟೆಗಳನ್ನು ನೋಡಿದ ಮೇಲೆ ತುಘಲಕಾಬಾದಿಗೆ, ಸಾಧ್ಯವಾದರೆ ಬಹಾಪುರದ ಶಾಸನದ ಬಂಡೆಗೆ ಒಂದು ಬೆಳಗ್ಗೆ ಕೊಡಿ. ಮಕ್ಕಳಿದ್ದರೆ ಅವರ ಕೈಗೊಂದು ಮಸೂರ ಕೊಡಿ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕಲ್ಲು ಒಡೆಯಬೇಡಿ, ತುಣುಕು ಎತ್ತಿಕೊಂಡು ಬರಬೇಡಿ. ಊರಿಗೆ ಮರಳಿದ ಮೇಲೆ ಅದೇ ಮಸೂರವನ್ನು ನಿಮ್ಮೂರಿನ ಬಂಡೆಯ ಮೇಲೂ ಹಿಡಿದು ನೋಡಿ.